ಬಂಡು ಕಾಕಾ ಒಲ್ಲೆ ಅಂದದ್ದು

ನಮ್ಮ ಬಳಗದಲ್ಲಿ ಮದುವೆ, ಮುಂಜಿವೆ ಏನೇ ನಡೆಯಲಿ, ಊಟ ಮುಗಿದು ಎಲೆಅಡಿಕೆಯ ತಟ್ಟೆ ಬಂದ ಹೊತ್ತಿಗೆ ಯಾರಾದರೊಬ್ಬರು ಬಂಡು ಕಾಕಾನನ್ನು ಕೆಣಕದೆ ಬಿಡುವುದಿಲ್ಲ. “ಬಂಡೂ, ಬ್ಯಾಂಕಿನವರು ಇನ್ನೂ ಕುರ್ಚಿ ಹಾಕ್ಕೊಂಡು ಕೂತಾರಂತ ನೋಡಪಾ, ನೀ ಇಂಟರ್‌ವ್ಯೂಕ್ಕ ಬರ್ತೀ ಅಂತ.” ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ನಗುತ್ತಾನೆ. ಮೊನ್ನೆ 2004ರ ವೈಶಾಖದಲ್ಲಿ ನನ್ನ ತಮ್ಮನ ಮದುವೆಯಲ್ಲೂ ಇದೇ ಆಯಿತು. ಹೀಗೆ ಚೇಷ್ಟೆ ಮಾಡುವವರಲ್ಲಿ ಅರ್ಧ ಜನಕ್ಕೆ ನಡೆದದ್ದು ಏನೆಂದೇ ಗೊತ್ತಿಲ್ಲ. ನನಗೆ ಗೊತ್ತು. ಕಾಕಾ ಒಲ್ಲೆ ಅಂದದ್ದು ನಮ್ಮ ಮನೆಯಲ್ಲಿ, ನಡುಮನೆಯ ಪಂಕ್ತಿಯಲ್ಲಿ. ನಾನು ತುಪ್ಪದ ಮಿಳ್ಳಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ಕಾಕಾನ ನಿಜವಾದ ಹೆಸರು ವಾಸುದೇವ. ಅದು ರೇಷನ್ ಕಾರ್ಡಿನಲ್ಲಿದೆ, ಬೇರೆಲ್ಲೂ ಇಲ್ಲ. ಅವನು ನಮ್ಮಪ್ಪನ ಚಿಕ್ಕಪ್ಪನ ಮಗ. ಆರು ವರ್ಷದವನಿದ್ದಾಗ ತಂದೆತಾಯಿ ಇಬ್ಬರೂ ತೀರಿಕೊಂಡರು. ನಮ್ಮ ಅಜ್ಜಿ ಭಾಗೀರಥಿಬಾಯಿ ಅವನನ್ನು ಬ್ರಹ್ಮಪುರದ ನಮ್ಮ ಮನೆಗೆ ಕರೆತಂದು ಸಾಕಿದಳು. ನಮ್ಮಪ್ಪ ಜಯತೀರ್ಥರಾಯರು ಅವನಿಗಿಂತ ಹನ್ನೆರಡು ವರ್ಷ ದೊಡ್ಡವರು, ಕೋರ್ಟಿನಲ್ಲಿ ಶಿರಸ್ತೇದಾರರು. ಅಪ್ಪನಿಗೆ ಬಂಡು ತಮ್ಮನೂ ಹೌದು, ಮಗನೂ ಹೌದು. ಆದ್ದರಿಂದ ಬೈಯುವ ಹಕ್ಕು ಎರಡು ಪಟ್ಟು ಇತ್ತು, ಅದನ್ನು ಅವರು ಪೂರ್ತಿ ಬಳಸಿಕೊಂಡರು.

ಬಿ.ಕಾಂ. ಎರಡು ಸಲ ಕೂತು ಎರಡು ಸಲವೂ ನಪಾಸಾದ ಮೇಲೆ ಕಾಕಾ ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಗೇಟಿನ ಗುಮಾಸ್ತನಾಗಿ ಸೇರಿದ. ಮಿಲ್ಲಿನಲ್ಲಿ ತೊಗರಿ ನೋಡುವವರು ಫಕ್ರುದ್ದೀನ್ ಉಸ್ತಾದರು. ನೋಡುವುದು ಎಂದರೆ ಕಣ್ಣಿನಿಂದ ಮಾತ್ರವಲ್ಲ. ಚೀಲಕ್ಕೆ ಕೊಳವೆಯಂಥ ಸೂಜಿ ಚುಚ್ಚಿ ಒಂದು ಮುಷ್ಟಿ ಕಾಳು ತೆಗೆಯುವುದು, ಅಂಗೈಯಲ್ಲಿ ಉಜ್ಜುವುದು, ಮೂಸುವುದು, ಕೊನೆಗೆ ಒಂದು ಕಾಳು ದವಡೆಯಲ್ಲಿಟ್ಟು ಕಡಿಯುವುದು. ಒಣಗಿದ ಕಾಳು ಕಟಕ್ ಎಂದು ಒಡೆಯುತ್ತದೆ, ಹಸಿ ಕಾಳು ಹಲ್ಲಿಗೆ ಮೆತ್ತಗೆ ಒತ್ತಿಕೊಳ್ಳುತ್ತದೆ. ರೈತನಿಗೆ ಸಿಗುವ ದರ ಆ ಕಟಕ್ಕಿನ ಮೇಲೆ ನಿಂತಿರುತ್ತದೆ. ಗೇಟಿನ ಗುಮಾಸ್ತ ಮೂರೇ ತಿಂಗಳಲ್ಲಿ ಗೇಟು ಬಿಟ್ಟು ಉಸ್ತಾದರ ಬೆನ್ನು ಹತ್ತಿದ, ಮೂರು ವರ್ಷದಲ್ಲಿ ಅವರ ಬಲಗೈ ಆದ. ಅಪ್ಪನಿಗೆ ಇದು ಸುತರಾಂ ಸೇರುತ್ತಿರಲಿಲ್ಲ. “ವೈಷ್ಣವರ ಮನ್ಯಾಗ ಬೆಳದು ದಿನಾ ಊರ ಮಂದಿ ತೊಗರಿ ಎಂಜಲಾ ಮಾಡ್ಕೋತ ಕೂಡ್ತಾನ” ಎಂದು ಸಂಧ್ಯಾವಂದನೆಯ ನಡುವೆಯೂ ಗೊಣಗುತ್ತಿದ್ದರು.

1981ರಲ್ಲಿ ಕಾಕಾನ ಮದುವೆಯಾಯಿತು. ಹುಡುಗಿ ಸರಸ್ವತೀಬಾಯಿ, ನಮ್ಮ ಕಾಕೂ, ಕಮಲಾಪುರದ ಸರಕಾರಿ ಶಾಲೆಯಲ್ಲಿ ಮಾಸ್ತರಿಣಿ. ಸರಕಾರಿ ನೌಕರಿಯ ಸೊಸೆ ಸಿಕ್ಕಳೆಂದು ಇಡೀ ಬ್ರಹ್ಮಪುರದ ಮುಂದೆ ನಮ್ಮವರು ಬೀಗಿದ್ದೇ ಬೀಗಿದ್ದು. ಆಕೆ ಅಲ್ಲಿ, ಇವನು ಇಲ್ಲಿ, ಸಂಸಾರ ಎಲ್ಲಿ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕಮಲಾಪುರ ದೂರವೇನಲ್ಲ, ಹುಮನಾಬಾದ್ ರಸ್ತೆಯಲ್ಲಿ ಒಂದೂವರೆ ತಾಸಿನ ಬಸ್ಸು. ಆದರೆ ಮಿಲ್ಲು ಬೆಳಿಗ್ಗೆ ಆರೂವರೆಗೆ ಶುರುವಾಗಿ ರಾತ್ರಿ ಎಂಟರ ತನಕ ನಡೆಯುತ್ತಿತ್ತು. ಕಾಕಾ ಮಿಲ್ಲಿನ ಹಿಂದೆ ಒಂದು ಕೋಣೆಯಲ್ಲಿರುತ್ತಿದ್ದ. ಶನಿವಾರ ಕೊನೆಯ ಬಸ್ಸಿಗೆ ಹೋಗಿ ಭಾನುವಾರ ಸಂಜೆ ಮರಳುತ್ತಿದ್ದ. ಕಾಕೂ ಮೂರು ಸಲ ವರ್ಗಾವಣೆಗೆ ಅರ್ಜಿ ಹಾಕಿದಳು, ಮೂರು ಸಲವೂ ಆಗಲಿಲ್ಲ. ಹೀಗೆ ಐದು ವರ್ಷ ಕಳೆದವು. ಮಕ್ಕಳಾಗಲಿಲ್ಲ. ಅದಕ್ಕೆ ನಮ್ಮ ಮನೆಯ ಹೆಂಗಸರು ಯಾವ ಯಾವ ದೇವರಿಗೋ ಹರಕೆ ಹೊತ್ತರು. ಭಾನುವಾರದ ಬಸ್ಸಿನ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

1986ರ ತೊಗರಿ ಸುಗ್ಗಿಯಲ್ಲಿ, ಒಂದೇ ವಾರದಲ್ಲಿ, ಎರಡು ಬಾಗಿಲು ತೆರೆದವು.

ಒಂದು ಅಪ್ಪ ತೆರೆಸಿದ್ದು. ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ. ಅಲ್ಲಿಯ ಡೈರೆಕ್ಟರರೊಬ್ಬರಿಗೆ ಕೋರ್ಟಿನ ಕೆಲಸದಲ್ಲಿ ಅಪ್ಪನ ಪರಿಚಯ. ಇಂಟರ್‌ವ್ಯೂ ಬುಧವಾರ. “ಹೋಗಿ ಕೂತ್ರ ಸಾಕು, ಹೆಸರು ಕೇಳಿ ಕಳಸ್ತಾರ” ಎಂದಿದ್ದರು ಅಪ್ಪ. ಆದರೆ ಡೈರೆಕ್ಟರರಿಗೆ ಸೋಮವಾರ ಸಂಜೆಯೊಳಗೆ ಮಾತು ಕೊಡಬೇಕಿತ್ತು, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರು ಕಾದಿದ್ದರು. ಮಾತು ಕೊಟ್ಟು ಹೋಗದಿದ್ದರೆ ಅಪ್ಪನ ಮರ್ಯಾದೆ ಮಣ್ಣುಪಾಲು. ಕೆಲಸವೇನೋ ಕಾಯಂ, ಆದರೆ ಶಾಖೆ ಚಿಂಚೋಳಿಯ ಆಚೆ. ಅಲ್ಲಿಂದ ಕಮಲಾಪುರಕ್ಕೆ ಎರಡು ಬಸ್ಸು ಬದಲಿಸಬೇಕು.

ಎರಡನೆಯದನ್ನು ತೆರೆದವಳು ಮಿಲ್ಲಿನ ಒಡತಿ ಶಿವಕಾಂತಮ್ಮ. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ಮಿಲ್ಲು ನಡೆಸಿದ ಹೆಂಗಸು. ಕಮಲಾಪುರದಲ್ಲೇ ಒಂದು ಖರೀದಿ ಕೇಂದ್ರ ಹಾಕಿದರೆ ಆ ಕಡೆಯ ರೈತರ ತೊಗರಿ ನೇರ ತನಗೇ ಬರುತ್ತದೆ ಎಂದು ಆಕೆಯ ಎಣಿಕೆ. ಅಲ್ಲಿ ತೊಗರಿ ನೋಡುವವನಿಗೆ ಗುಮಾಸ್ತನ ಎರಡರಷ್ಟು ಪಗಾರ, ಇರಲಿಕ್ಕೆ ಎರಡು ಕೋಣೆಯ ಮನೆ. ಇಬ್ಬರು ಆಸೆಪಟ್ಟಿದ್ದರು: ಒಬ್ಬ ಬಂಡು ಕಾಕಾ, ಇನ್ನೊಬ್ಬ ಎಲ್ಲಿಯೋ ಡಿಪ್ಲೊಮಾ ಮಾಡಿ ಬಂದ ತರುಣ. ಮಂಗಳವಾರ ಇಬ್ಬರಿಗೂ ಪರೀಕ್ಷೆ.

ಅಂದರೆ ಲೆಕ್ಕ ಸ್ಪಷ್ಟ. ಸೋಮವಾರ ಹೂಂ ಅಂದರೆ ಮಂಗಳವಾರದ ಪರೀಕ್ಷೆಗೆ ಅರ್ಥವಿಲ್ಲ. ಸೋಮವಾರ ಒಲ್ಲೆ ಅಂದು ಮಂಗಳವಾರ ಸೋತರೆ ಎರಡೂ ಇಲ್ಲ. ಕಾಕೂಗೆ ಅವನು ಏನೂ ಹೇಳಲಿಲ್ಲ. ಆಸೆ ಹಚ್ಚಿ ಕೈಬಿಡುವುದು ಬೇಡವೆಂದು ಭಾನುವಾರವೆಲ್ಲ ಬಾಯಿ ಮುಚ್ಚಿಕೊಂಡಿದ್ದು ಬಂದ.

ಒಲ್ಲೆ ಅನ್ನುವುದು ನಿಶ್ಚಯವಾಗಿತ್ತು. ಹೇಗೆ ಅನ್ನುವುದು ಎಂಬುದೇ ತೊಡಕು. ನಮ್ಮ ಕಡೆ ಇಂಟರ್‌ವ್ಯೂ ಕಾಗದ ಕಂಪನಿಯಿಂದ ಬರುವುದಿಲ್ಲ, ಶಿಫಾರಸು ಮಾಡಿದವರ ಮನೆಯಿಂದ ಬರುತ್ತದೆ. ಅದನ್ನು ಬೇಡವೆಂದರೆ ಆ ಮನೆಯನ್ನೇ ಬೇಡವೆಂದಂತೆ. ಕಾಕಾ ಉಸ್ತಾದರನ್ನು ಕೇಳಿದ. ಅವರು ನಿಜಾಮರ ಕಾಲದ ಅದಬಿನಲ್ಲಿ, ಆ ಶಿಷ್ಟಾಚಾರದಲ್ಲಿ ಬೆಳೆದ ಮನುಷ್ಯ. “ದೇಖೋ ಬೇಟಾ, ಚಿಟ್ಠಿ ಕಳಸಬ್ಯಾಡ, ಖುದ್ದ ಹೋಗು. ಖಾಲಿ ಕೈಲೆ ಹೋಗಬ್ಯಾಡ. ಅವರ ಮನ್ಯಾಗ ಉಂಡು ಒಲ್ಲೆ ಅಂದ್ರ ನಮಕ್‌ಹರಾಮ್ ಆಗ್ತಿ. ಉಣದs ಒಲ್ಲೆ ಅಂದ್ರ ಅದೂ ಬೇಅದಬಿ.”

“ಹಂಗಾದ್ರ ಏನ್ ಮಾಡ್ಲಿ ಉಸ್ತಾದ?”

“ಅದು ನಿನಗ ಬಿಟ್ಟದ್ದು” ಎಂದು ಉಸ್ತಾದರು ಬೀಡಿ ಹಚ್ಚಿದರು.

ಕಾಕಾನ ಕಣ್ಣು ಮಿಲ್ಲಿನ ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಸೋಮವಾರದ ಚೌಕದಲ್ಲಿ ಏಕಾದಶಿ ಎಂದು ಛಾಪಾಗಿತ್ತು! ಏಕಾದಶಿಯ ದಿನ ನಮ್ಮ ಮನೆಯಲ್ಲಿ ಒಲೆಯೇ ಹೊತ್ತುವುದಿಲ್ಲ. ಉಣ್ಣು ಅನ್ನುವವರೂ ಇಲ್ಲ, ಒಲ್ಲೆ ಅನ್ನುವ ಪ್ರಶ್ನೆಯೂ ಇಲ್ಲ. ಅವತ್ತು ಮಿಲ್ಲಿಗೂ ಕರೆಂಟಿನ ರಜೆ. ದೇವರೇ ತಾರೀಖು ತೆಗೆದುಕೊಟ್ಟನೆಂದು ಕಾಕಾ ನಿರುಮ್ಮಳನಾದ.

ಸೋಮವಾರ ಹನ್ನೆರಡಕ್ಕೆ, ಕಮಲಾಪುರದ ಕೆಂಪು ಬಾಳೆಹಣ್ಣು ಎರಡು ಡಜನ್ ಹಿಡಿದುಕೊಂಡು, ಬೆಳಗಿನಿಂದ ನೀರು ಸಹ ಮುಟ್ಟದೆ ಅವನು ನಮ್ಮ ಬಾಗಿಲಿಗೆ ಬಂದ. ಬಾಗಿಲಲ್ಲೇ ಮೂಗಿಗೆ ಬಡಿದದ್ದು ಕಟ್ಟಿನ ಸಾರಿನ ಒಗ್ಗರಣೆ. ಒಳಗೆ ಅಜ್ಜಿ ಹೋಳಿಗೆ ಬೇಯಿಸುತ್ತಿದ್ದಳು.

“ದೊಡ್ಡವ್ವಾ, ಇವತ್ತ ಏಕಾದಶಿ ಅಲ್ಲೇನು?”

“ಯಾರ ಮನೀದು? ನಮ್ಮದು ನಾಳೆ. ಇವತ್ತ ದಶಮಿ, ಒಪ್ಪತ್ತು. ಅಯ್ಯ, ಪಂಚಾಂಗ ನೋಡದs ಮಿಲ್ಲಿನ ಕ್ಯಾಲೆಂಡರ್ ನೋಡಿ ಉಪವಾಸ ಮಾಡ್ಲಿಕತ್ತೀಯೇನೋ!” ಅಜ್ಜಿ ಲಟ್ಟಣಿಗೆ ಹಿಡಿದ ಕೈಯಿಂದಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಿಲ್ಲಿನ ಕ್ಯಾಲೆಂಡರು ಸ್ಮಾರ್ತರ ಏಕಾದಶಿ ಛಾಪಿಸಿತ್ತು. ಆ ತಿಥಿಗೆ ದಶಮಿಯ ಸೋಂಕಿದ್ದರೆ ನಮ್ಮ ವೈಷ್ಣವರು ಮರುದಿನ ಮಾಡುತ್ತಾರೆ. ಇದು ನಮ್ಮ ಮನೆಯ ಆರು ವರ್ಷದ ಕೂಸಿಗೂ ಗೊತ್ತಿರುವ ಸಂಗತಿ. ಐದು ವರ್ಷ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದವನಿಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಅಪ್ಪ ಕೋರ್ಟಿನಿಂದ ಊಟಕ್ಕೆ ಬಂದರು. ಎಲೆ ಹಾಕಿದ್ದಾಯಿತು. “ರಾತ್ರಿ ಏನೂ ಇಲ್ಲ, ನಾಳೆ ಏನೂ ಇಲ್ಲ, ಈಗs ಗಟ್ಟಿ ಉಣ್ಣು” ಎಂದು ಅಜ್ಜಿ ಅವನ ಎಲೆಗೆ ನಾಲ್ಕನೇ ಹೋಳಿಗೆ ಹಾಕಿದಳು. ಕಾಕಾ ಉಂಡ. ಬೇಡವೆನ್ನಲು ಬಾರದ ಮನುಷ್ಯ, ಉಂಡೇ ಉಂಡ. ಹಣೆಯ ಮೇಲೆ ಬೆವರು ಒಡೆದದ್ದು ನನಗೆ ಕಾಣುತ್ತಿತ್ತು, ಖಾರಕ್ಕೆ ಎಂದುಕೊಂಡೆ.

ಮಜ್ಜಿಗೆ ಅನ್ನಕ್ಕೆ ಬಂದಾಗ ಅವನು ತಲೆ ಎತ್ತದೆ ಅಂದ, “ಅಣ್ಣಾ, ಬುಧವಾರ ನಾ ಹೋಗೂದಿಲ್ಲ.”

ಅಪ್ಪನ ಕೈ ಎಲೆಯ ಮೇಲೇ ನಿಂತಿತು. “ಯಾಕ?”

ಈ ಯಾಕೆಗೆ ಅವನು ಮೂರು ಕಾರಣ ಸಿದ್ಧ ಮಾಡಿಕೊಂಡು ಬಂದಿದ್ದನಂತೆ. ಕಣ್ಣಿನ ತೊಂದರೆ, ಅಂಕಿ ಕಂಡರೆ ತಲೆನೋವು, ಕೊನೆಗೆ ಶನಿಯ ಕಾಟ. ಆದರೆ ಹೊಟ್ಟೆಯಲ್ಲಿ ಅಜ್ಜಿಯ ನಾಲ್ಕು ಹೋಳಿಗೆ ಇಟ್ಟುಕೊಂಡು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ನನಗ ಸರಸ್ವತಿ ಜೋಡಿ ಇರಬೇಕು ಅನಸ್ತದ” ಎಂದ.

ಇದರ ತೂಕ ಇವತ್ತಿನವರಿಗೆ ತಿಳಿಯುವುದು ಕಷ್ಟ. ನಮ್ಮ ಮನೆಯಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಅವ್ವನನ್ನು ಕರೆಯಬೇಕೆಂದರೆ ನನ್ನ ಹೆಸರು ಕೂಗುತ್ತಿದ್ದರು. ಅಂಥಲ್ಲಿ ಮೂವತ್ತೆರಡು ವರ್ಷದ ಗಂಡಸು, ಹಿರಿಯರ ಎದುರು, ಪಂಕ್ತಿಯಲ್ಲಿ ಕೂತು, ಹೆಂಡತಿಯ ಜೊತೆ ಇರಬೇಕೆನ್ನಿಸುತ್ತದೆ ಅಂದುಬಿಟ್ಟ. ನನ್ನ ಅವ್ವ ಪಾರ್ವತೀಬಾಯಿ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ನನಗೆ ನಾಚಿಕೆಯೂ ಆಯಿತು, ಓಡಿಹೋಗಿ ಕಾಕಾನ ಕೈ ಹಿಡಿದುಕೊಳ್ಳಬೇಕೆಂದೂ ಅನ್ನಿಸಿತು.

ಕಾಕಾ ಮಿಲ್ಲಿನ ವಿಷಯವೆಲ್ಲ ಹೇಳಿದ. ಅಪ್ಪ ಕೇಳಿದರು, “ಆ ಕಮಲಾಪುರದ ಕೆಲಸ ಸಿಕ್ಕದೇನು?”

“ಇನ್ನೂ ಇಲ್ಲ. ನಾಳೆ ಪರೀಕ್ಷಾ ಅದ.”

“ಸಿಗದಿದ್ರ?”

“ಸಿಗದಿದ್ರ ಶನಿವಾರದ ಬಸ್ಸು ಅದs ಅಲಾ ಅಣ್ಣಾ. ಚಿಂಚೋಳಿಯಿಂದ ಅದೂ ಇಲ್ಲ.”

“ನಾ ಡೈರೆಕ್ಟರ್ ಸಾಹೇಬರಿಗೆ ಏನು ಮಾರಿ ತೋರಿಸ್ಲಿ?” ಅಪ್ಪನ ಧ್ವನಿ ಏರಿತು. ಕಾಕಾ ಡೈರೆಕ್ಟರರಿಗೆಂದು ಬರೆದುಕೊಂಡು ಬಂದಿದ್ದ ಕಾಗದವನ್ನು ಎಡಗೈಯಿಂದ ಜೇಬಿನಿಂದ ತೆಗೆದು ಅಪ್ಪನ ಪಕ್ಕಕ್ಕಿಟ್ಟ. ಅಪ್ಪ ಕೈ ತೊಳೆದು ಬಂದು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ನಾನೂ ಇಣುಕಿ ಓದಿದೆ. ‘ತಾವು ನನ್ನನ್ನು ನೆನೆಸಿ ಅವಕಾಶ ಕೊಟ್ಟಿದ್ದಕ್ಕೆ ಋಣಿಯಾಗಿದ್ದೇನೆ. ನಮ್ಮ ಅಣ್ಣನವರು ನನ್ನ ಹಿತಕ್ಕಾಗಿಯೇ ತಮ್ಮಲ್ಲಿ ಕೇಳಿಕೊಂಡರು. ಬರಲಾಗದಿರುವುದು ನನ್ನ ಕಾರಣ, ಅವರದಲ್ಲ. ಮೊದಲೇ ತಿಳಿಸಿದರೆ ಆ ಸ್ಥಾನ ಇನ್ನೊಬ್ಬ ಅರ್ಹರಿಗೆ ಸಿಗಬಹುದೆಂದು ಇದನ್ನು ಬರೆದಿದ್ದೇನೆ.’

ಅಪ್ಪನ ಮುಖ ಕೆಂಪಗಿತ್ತು, ಮೂಗಿನ ಹೊಳ್ಳೆ ಅರಳಿದ್ದವು. ಆದರೂ ಇಪ್ಪತ್ತು ವರ್ಷ ಅರ್ಜಿಗಳನ್ನೇ ನೋಡಿದ ಕೈ ಸುಮ್ಮನಿರಲಿಲ್ಲ. “ತಾರೀಖು ಹಾಕಿಲ್ಲ, ವಿಷಯ ಬರದಿಲ್ಲ, ಅರ್ಜಿ ಬರಿಯೂದು ಹಿಂಗ?” ಎಂದು ಬೈಯುತ್ತ ತಮ್ಮ ಪೆನ್ನಿನಿಂದ ತಾರೀಖು ಹಾಕಿದರು, ಮೇಲೆ ‘ವಿಷಯ’ ಬರೆದರು, ಮಡಚಿ ಕೋಟಿನ ಜೇಬಿನಲ್ಲಿಟ್ಟುಕೊಂಡರು. ಕಾಕಾನತ್ತ ನೋಡದೆ ಸೈಕಲ್ ಹತ್ತಿ ಹೋದರು.

ಅಜ್ಜಿ ಬಾಳೆಹಣ್ಣಿನ ಚಿಪ್ಪು ನೋಡುತ್ತ, “ಇಷ್ಟು ಹೇಳ್ಲಿಕ್ಕೆ ಎರಡು ಡಜನ್ ಯಾಕ ಬೇಕಾಗಿದ್ವೋ ನಿನಗ” ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಂಗಳವಾರದ್ದು ನಾನು ಕಂಡದ್ದಲ್ಲ. ಆ ವಾರದ ಕೊನೆಗೆ ಉಸ್ತಾದರು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದು. ಶಿವಕಾಂತಮ್ಮ ಐದು ತಾಟುಗಳಲ್ಲಿ ಐದು ನಮೂನೆಯ ತೊಗರಿ ಇಡಿಸಿದ್ದಳು. ಡಿಪ್ಲೊಮಾದ ತರುಣ ಐದನ್ನೂ ಕಡಿದು, ಐದಕ್ಕೂ ತಡವರಿಸದೆ ಉತ್ತರ ಹೇಳಿ, ಹತ್ತು ನಿಮಿಷದಲ್ಲಿ ಮುಗಿಸಿದ. ಬಂಡು ಕಾಕಾನ ಸರದಿ ಬಂತು. ಹಿಂದಿನ ದಿನದ ತಪ್ಪು ಅವನ ಕೊರಳಿಗೆ ಬಿದ್ದದ್ದು ಆಗ. ಅವತ್ತು ನಿಜವಾದ ಏಕಾದಶಿ. ಕಾಳು ಬಾಯಿಗೆ ಹಾಕುವಂತಿಲ್ಲ, ಉಗುಳಿದರೂ ಹಾಕಿದ್ದು ಹಾಕಿದ್ದೇ.

“ಅವ್ವಾರ, ಇವತ್ತ ನಮ್ಮ ಏಕಾದಶಿ, ನಾ ಕಡಿಯೂ ಹಂಗಿಲ್ರಿ” ಎಂದ.

“ಏಕಾದಶಿ ಅಂತ ತೊಗರಿ ಬರೂದು ನಿಲ್ತದೇನು?” ಶಿವಕಾಂತಮ್ಮನ ಗಂಟಲು ಮಿಲ್ಲಿನ ಸದ್ದಿನ ಮೇಲೂ ಕೇಳಿಸುವಂಥದು.

“ಇಲ್ರಿ. ವರ್ಷದಾಗ ಇಪ್ಪತ್ತನಾಲ್ಕು ದಿವಸ ಹಿಂಗs ಇರತದ. ಈಗs ಹೇಳೂದು ಛಲೋ.”

“ಮತ್ತ ಆ ದಿವಸ ಹೆಂಗ ನೋಡ್ತಿ?”

ಕಾಕಾ ಮೊದಲ ತಾಟಿನಿಂದ ಒಂದು ಮುಷ್ಟಿ ಕಾಳು ಎತ್ತಿಕೊಂಡ. ಆಮೇಲೆ ಅಂದ, “ನೀವು ಕಡೀರಿ ಅವ್ವಾರ, ನಾ ಕೇಳ್ತೀನಿ. ಖರೆ, ಮಿಲ್ ಬಂದ್ ಮಾಡ್ಬೇಕಾಗ್ತದ.”

ನೌಕರಿ ಕೇಳಲು ಬಂದವನು ಒಡತಿಗೆ ಕಾಳು ಕಡಿಯಲು ಹೇಳಿದ್ದು! ಉಸ್ತಾದರು ಗಡ್ಡ ಹಿಡಿದುಕೊಂಡು ನೆಲ ನೋಡಿದರಂತೆ. ಶಿವಕಾಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನನ್ನ ಹಲ್ಲು ಇನ್ನೂ ಗಟ್ಟಿ ಅವ” ಎಂದು ಗದರಿದಂತೆ ಹೇಳಿ, ಮಿಲ್ಲು ನಿಲ್ಲಿಸಲು ಕೈ ಮಾಡಿದಳು.

ಸುಗ್ಗಿಯಲ್ಲಿ ನಡೆಯುತ್ತಿದ್ದ ಮಿಲ್ಲನ್ನು ನಡುಹಗಲಲ್ಲಿ ಬೇಕೆಂದೇ ನಿಲ್ಲಿಸಿದ್ದು ಅದೇ ಮೊದಲು. ಏನಾಯಿತೆಂದು ಹಮಾಲರೆಲ್ಲ ಬಾಗಿಲಿಗೆ ಬಂದು ನಿಂತರು. ಶಿವಕಾಂತಮ್ಮ ಮೊದಲ ತಾಟಿನ ಕಾಳು ಕಡಿದಳು. ಕಾಕಾ ಕಣ್ಣು ಮುಚ್ಚಿ ಅಂಗೈಯಲ್ಲಿ ಅದೇ ತಾಟಿನ ಕಾಳು ಉಜ್ಜುತ್ತ ಕೇಳಿಸಿಕೊಂಡ. “ಹೊಸಾದು, ಛಲೋ ಒಣಗೇದ.” ಎರಡನೆಯದು, “ಹೋದ ವರ್ಷದ್ದು.” ಮೂರನೆಯದು, “ಹಸಿ ಅದ, ಇನ್ನ ನಾಕು ಬಿಸಲು ಬೇಕು.” ಮೂರೂ ಸರಿ. ನಾಲ್ಕನೆಯದಕ್ಕೆ ಮತ್ತೊಂದು ಕಡಿಯಿರಿ ಎಂದ, ಮತ್ತೊಂದು ಎಂದ. ಆಕೆ ಐದು ಕಾಳು ಕಡಿದಳು.

“ಗೊತ್ತಾಗ್ಲಿಲ್ರಿ. ಒಂದೊಂದು ಕಾಳು ಒಂದೊಂದು ಥರಾ ಅಂತದ. ನಾಳೆ ಬಾಯಾಗ ಹಾಕ್ಕೊಂಡು ಹೇಳ್ತೀನಿ. ಇವತ್ತ ಹೇಳಿದ್ರ ಅದು ಅಂದಾಜು ಆಗ್ತದ.” ಐದನೆಯದನ್ನೂ ಸರಿಯಾಗಿ ಹೇಳಿದ. ಮುಖ ಮಾತ್ರ ಸೋತವನದಾಗಿತ್ತು.

ನಾಲ್ಕನೆಯದು ಹಳೆಯದೂ ಹೊಸದೂ ಕೂಡಿಸಿದ ತೊಗರಿ, ಶಿವಕಾಂತಮ್ಮನೇ ಬೆಳಿಗ್ಗೆ ಕಲಸಿಟ್ಟದ್ದು. ತರುಣ ಅದನ್ನು ಹೊಸದು ಅಂದಿದ್ದ. “ಅಲ್ಲಿ ನಾ ಇರಂಗಿಲ್ಲ, ನೋಡಾಂವ ಒಬ್ಬನ ಇರ್ತಾನ. ಗೊತ್ತಿಲ್ಲ ಅನ್ನಾಕ ಬರೋನು ಬೇಕು ನನಗ” ಎಂದಳು ಆಕೆ. “ಸೋಮವಾರ ಕಮಲಾಪುರಕ್ಕ ಹೋಗು. ಮಿಲ್ ಚಾಲೂ ಮಾಡ್ರೋ, ಎಲ್ಲಾರೂ ಏನ್ ನೋಡಾಕತ್ತೀರಿ?”

ಕಾಕಾ ನಳದ ಹತ್ತಿರ ಹೋಗಿ ಮುಖ ತೊಳೆದ, ಬಹಳ ಹೊತ್ತು ತೊಳೆದ ಎಂದು ಹೇಳಿ ಉಸ್ತಾದರು ಅಪ್ಪನ ಕಡೆ ನೋಡಿದರು. ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಡೈರೆಕ್ಟರರು ಆ ಕಾಗದ ಓದಿ, ಇಷ್ಟು ಮರ್ಯಾದೆಯಿಂದ ಒಲ್ಲೆ ಅಂದವರನ್ನು ಕಂಡಿಲ್ಲ ಎಂದು ಮೆಚ್ಚಿದ್ದು ನಮಗೆಲ್ಲ ಗೊತ್ತಿತ್ತು. ಆದರೂ ಅಪ್ಪನ ಮುನಿಸು ಇಳಿಯಲಿಲ್ಲ. ನಾಲ್ಕು ತಿಂಗಳು ಬಂಡುವಿನ ಹೆಸರು ಬಾಯಲ್ಲಿ ಬರಲಿಲ್ಲ. ಬೈಯುವುದನ್ನೂ ಬಿಟ್ಟಿದ್ದರು, ಅದೇ ನಮಗೆ ಹೆದರಿಕೆ.

ಜೂನಿನಲ್ಲಿ ಒಂದು ಬುಧವಾರ ಬೆಳಿಗ್ಗೆ ಅಪ್ಪ ತಾವಾಗಿಯೇ, “ಕಮಲಾಪುರದಾಗ ಸ್ವಲ್ಪ ಕೆಲಸ ಅದ, ನೀನೂ ಬಾ” ಎಂದರು. ನನಗೆ ಬಿ.ಎ. ರಜೆ. ಕೆಲಸ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಸ್ಸಿಳಿದು ವಿಚಾರಿಸುತ್ತ ಹೋಗುವಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಮನೆ ಇನ್ನೂ ಹತ್ತು ಮಾರು ಇರುವಾಗಲೇ ಒಳಗಿನಿಂದ ದನಿಗಳು ಕೇಳಿಸಿದವು.

“ಹಸಿ ಚಮಚಾ ಹಾಕೀರಿ ನೀವು! ಇಡೀ ಭರಣಿ ಉಪ್ಪಿನಕಾಯಿ ಕೆಟ್ಟು ಹೋಗ್ತದ ಈಗ!”

“ಒಣಾ ಇತ್ತು ಅದು! ಒರಸೇ ಹಾಕೀನಿ!”

“ಯಾತರಿಂದ ಒರಸೀರಿ? ಹಸಿ ಟಾವೆಲ್ಲಿಲೆ! ಊರ ತೊಗರಿ ಹಸಿ ನೋಡಾಂವ, ಮನೀ ಚಮಚಾ ನೋಡ್ಲಿಕ್ಕೆ ಬರಲ್ಲ!”

ಅಪ್ಪ ಬೀದಿಯಲ್ಲೇ ನಿಂತುಬಿಟ್ಟರು. ಪಕ್ಕದ ಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು, ಕುಲ್ಸುಮ್ ಎಂದು ಆಮೇಲೆ ತಿಳಿಯಿತು, ನಮ್ಮನ್ನು ನೋಡಿ ನಕ್ಕಳು. “ರೋಜ್ ಕಾ ಹೈ ಜೀ, ದಿನಾ ಇದ್ದದ್ದs. ಒಂದ್ ನಿಮಿಷ ನಿಂದ್ರಿ, ಮುಗೀತದ.”

ಮುಗಿಯಲು ಐದು ನಿಮಿಷ ಹಿಡಿಯಿತು. ಕಾಕೂ ಸಿಟ್ಟಿನಲ್ಲೇ ಹೊರಗೆ ಬಂದವಳು ಅಪ್ಪನನ್ನು ಕಂಡು ಸೆರಗು ಎಳೆದುಕೊಂಡಳು, ಮುಖ ಕೆಂಪಾಯಿತು. ಹಿಂದೆಯೇ ಬಂದ ಕಾಕಾ ಅಪ್ಪನನ್ನು ನೋಡಿ ಕಂಬದ ಹಾಗೆ ನಿಂತ. ಒಳಗೆ ಹೋಗಿ ಕೂತೆವು. ಕಾಕೂ ತಂಬಿಗೆಯಲ್ಲಿ ನೀರು ತಂದು ಅಪ್ಪನ ಮುಂದಿಟ್ಟು, ನೆಲ ನೋಡುತ್ತ ಅಂದಳು:

“ತಪ್ಪು ತಿಳೀಬ್ಯಾಡ್ರಿ ಭಾವಜೀ. ಐದು ವರ್ಷದಾಗ ನಾವು ಒಂದ ಸಲಾನೂ ಜಗಳಾ ಆಡಿರಲಿಲ್ರಿ. ಇದ್ದದ್ದು ಭಾನುವಾರ ಒಂದs. ಅದನ್ನೂ ಜಗಳದಾಗ ಕಳದ್ರ ಆರು ದಿವಸ ಹೆಂಗ ಇರೂದು ಅಂತ, ಏನಾದ್ರೂ ನುಂಗ್ಕೊಂಡು ನಕ್ಕೋತ ಇರ್ತಿದ್ವಿ. ಈಗ ಸಿಟ್ಟು ಬಂದ್ರ ಬೈತೀನ್ರಿ. ನಾಳೆನೂ ಇಲ್ಲೇ ಇರ್ತಾರಲಾ.”

ಅಪ್ಪ ತಂಬಿಗೆ ಎತ್ತಿ ನೀರು ಕುಡಿದರು, ಇಡೀ ತಂಬಿಗೆ ಕುಡಿದರು. ಪಂಚೆಯ ಚುಂಗಿನಿಂದ ಬಾಯಿ ಒರೆಸಿಕೊಳ್ಳುವ ನೆವದಲ್ಲಿ ಕಣ್ಣೂ ಒರೆಸಿಕೊಂಡರು. ಆಮೇಲೆ ನಾಲ್ಕು ತಿಂಗಳಲ್ಲಿ ಮೊದಲ ಸಲ ತಮ್ಮನ ಮುಖ ನೋಡಿ ಗದರಿದರು:

“ಬಂಡೂ, ಚಮಚಾ ಹಸೀನೇ ಇತ್ತು. ಒಪ್ಪಿಕೋ.”